ನಿಧಾನಗತಿಯ ಆರ್‌ವಿ ಪ್ರಯಾಣ: ಒಳದಾರಿ, ಕಡಲಂಚು ಮತ್ತು ಮೂರನೇ ದಿನದ ಎಡವಟ್ಟು

ಆರ್‌ವಿಯಲ್ಲಿ, ಅಂದರೆ ಅಡುಗೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಮನೆಗಾಡಿಯಲ್ಲಿ, ನಿಧಾನವಾಗಿ ತಿರುಗಾಡಲು ಹೊರಟವರು ಎಡವುವುದು ಬಹುತೇಕ ಒಂದೇ ಕಡೆ. ಮೊದಲೆರಡು ದಿನ ಎಲ್ಲ ಸರಿಯಿರುತ್ತದೆ. ಮೂರನೇ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪಂಪು ಬರೀ ಗಾಳಿ ಎಳೆಯುತ್ತದೆ, ಫ್ರಿಜ್ ರಾತ್ರಿಯೇ ಕೈಕೊಟ್ಟಿರುತ್ತದೆ, ಬಚ್ಚಲಿನಲ್ಲಿ ಕೊಳೆನೀರು ಕೆಳಗಿಳಿಯದೆ ನಿಂತಿರುತ್ತದೆ. ಗಾಡಿ ಕೆಟ್ಟಿರುವುದಿಲ್ಲ, ಲೆಕ್ಕ ಕೆಟ್ಟಿರುತ್ತದೆ.

ದಿನಕ್ಕೆ 400 ಕಿ.ಮೀ. ಓಡಿಸುವವರ ಬ್ಯಾಟರಿ ದಾರಿಯಲ್ಲೇ ತುಂಬಿಕೊಳ್ಳುತ್ತದೆ, ನೀರು ತುಂಬಿಸಲು ಹತ್ತು ಅವಕಾಶ ಸಿಗುತ್ತವೆ. ನಿಧಾನ ಪ್ರಯಾಣದಲ್ಲಿ ಓಡುವ ಗಂಟೆ ಕಡಿಮೆ, ನಿಲ್ಲುವ ಗಂಟೆ ಜಾಸ್ತಿ. ಇಲ್ಲಿ ವೇಳಾಪಟ್ಟಿ ಹಾಕಿಕೊಡುವುದು ಟ್ಯಾಂಕು ಮತ್ತು ಬ್ಯಾಟರಿ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ನಕ್ಷೆ ತೆರೆಯುವುದು ಐದನೇ ಹಂತದಲ್ಲಿ. ಎಲ್ಲರೂ ಮೊದಲು ತೆರೆಯುವುದು ಅದನ್ನೇ, ಅಲ್ಲೇ ತಪ್ಪು ಶುರು.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಟೈರ್ ಒತ್ತಡ ಅಳೆಯುವ ಗೇಜ್, 12 ವೋಲ್ಟಿನ ಗಾಳಿ ಪಂಪು, ಟಾರ್ಕ್ ರೆಂಚ್ (ನಟ್ಟನ್ನು ಬೇಕಾದಷ್ಟೇ ಬಿಗಿಮಾಡುವ ಸ್ಪ್ಯಾನರ್), ವೋಲ್ಟೇಜ್ ಅಳೆಯುವ ಮಲ್ಟಿಮೀಟರ್, ರಸಮಟ್ಟ, ಚಕ್ರದಡಿ ಇಡುವ ಎರಡು ಇಳಿಜಾರು ದಿಮ್ಮಿ, ನಾಲ್ಕು ಚಕ್ರ ತಡೆ, ಸುಮಾರು 30 ಸೆಂ.ಮೀ. ಚೌಕದ ನಾಲ್ಕು ಗಟ್ಟಿ ಹಲಗೆ, ಸಲಿಕೆ, ಮರಳಿನಿಂದ ಮೇಲೇಳಲು ಒಂದು ಜೊತೆ ಉದ್ದನೆಯ ಹಲಗೆ, ಅಳತೆ ಟೇಪು. ಕುಡಿಯುವ ನೀರಿನ ಪೈಪು ಬೇರೆ, ಕೊಳೆ ತೊಳೆಯುವ ಪೈಪು ಬೇರೆ. ಬಣ್ಣವೂ ಬೇರೆಯಿರಲಿ, ಇಡುವ ಡಬ್ಬವೂ ಬೇರೆಯಿರಲಿ.

ಹಂತ 1: ತುಂಬಿದ ಗಾಡಿಯನ್ನು ತೂಗಿಸಿ

ಖಾಲಿ ಗಾಡಿಯ ತೂಕದಿಂದ ಏನೂ ಪ್ರಯೋಜನವಿಲ್ಲ. ನೀರು, ಇಂಧನ, ಗ್ಯಾಸ್, ಬಟ್ಟೆಬರೆ, ಜನ ಎಲ್ಲ ಸೇರಿದ ಮೇಲೆ ಲಾರಿ ತೂಗುವ ವೇ ಬ್ರಿಡ್ಜ್‌ಗೆ ಒಯ್ಯಿರಿ. ಮೂರು ಅಂಕಿ ಬೇಕು: ಮುಂದಿನ ಆ್ಯಕ್ಸಲ್ (ಚಕ್ರಗಳ ಅಚ್ಚು), ಹಿಂದಿನ ಆ್ಯಕ್ಸಲ್, ಒಟ್ಟು. ಬಾಗಿಲ ಬಳಿಯ ತಗಡಿನ ಪಟ್ಟಿಯಲ್ಲಿ ತಯಾರಕರು ಕೆತ್ತಿರುವ ಗರಿಷ್ಠ ಮಿತಿಗಳಿಗೆ ಇವನ್ನು ಹೋಲಿಸಿ. ಒಟ್ಟು ತೂಕ ಮಿತಿಯೊಳಗಿದ್ದು ಹಿಂದಿನ ಆ್ಯಕ್ಸಲ್ ಮಾತ್ರ ಮಿತಿ ಮೀರಿರುವುದು ತುಂಬಾ ಸಾಮಾನ್ಯ.

ಇದಕ್ಕೆ ಕಾರಣ ಸನ್ನೆಗೋಲಿನ ಲೆಕ್ಕ. ಎರಡು ಆ್ಯಕ್ಸಲ್‌ಗಳ ನಡುವೆ 4 ಮೀಟರ್ ಅಂತರವಿದೆ, ಹಿಂದಿನ ಆ್ಯಕ್ಸಲ್‌ನಿಂದ 3 ಮೀಟರ್ ಆಚೆ ಬಂಪರಿನ ಹಿಂದೆ 60 ಕೆ.ಜಿ.ಯ ಸೈಕಲ್ ಸ್ಟ್ಯಾಂಡ್ ತೂಗುತ್ತಿದೆ ಅಂದುಕೊಳ್ಳಿ. ಹಿಂದಿನ ಆ್ಯಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 60 ಅಲ್ಲ, 105 ಕೆ.ಜಿ. ಜೊತೆಗೆ ಮುಂದಿನ ಆ್ಯಕ್ಸಲ್ 45 ಕೆ.ಜಿ. ಹಗುರಾಗುತ್ತದೆ. ಒಳದಾರಿಯ ಉಬ್ಬುತಗ್ಗಿನಲ್ಲಿ ಸ್ಟಿಯರಿಂಗ್ ತೇಲಿದಂತಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಭಾರದ ವಸ್ತುಗಳು ಕೆಳಗೆ, ಎರಡು ಆ್ಯಕ್ಸಲ್‌ಗಳ ನಡುವೆ ಇರಲಿ. ಮೇಲಿನ ಕಪಾಟಿಗೆ ಬಟ್ಟೆ, ಟವೆಲ್ಲು ಸಾಕು.

ಹಂತ 2: ಟೈರು

ಟೈರಿನ ಪಕ್ಕೆಯ ಮೇಲಿನ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರ್‌ವಿ ಟೈರುಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಏಳರ ಹೊತ್ತಿಗೆ ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ಬದಲಿಸಿ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಷ್ಟು ಕಾಲ ಕಾಯಬೇಡಿ.

ಒತ್ತಡ ನೋಡಬೇಕಾದ್ದು ಗಾಡಿ ಮೂರು ಗಂಟೆ ನಿಂತ ಮೇಲೆ, ಬಿಸಿಲು ಬೀಳುವ ಮುಂಚೆ. ಎಷ್ಟಿರಬೇಕು ಎನ್ನುವುದು ಹಂತ 1ರಲ್ಲಿ ಸಿಕ್ಕ ಆ್ಯಕ್ಸಲ್ ತೂಕ ಮತ್ತು ಟೈರ್ ತಯಾರಕರ ಕೋಷ್ಟಕ ಇವೆರಡರಿಂದ ಗೊತ್ತಾಗುತ್ತದೆ. ಓಡಿದ ಮೇಲೆ ಒತ್ತಡ ಶೇ. 10–15ರಷ್ಟು ಏರುವುದು ಸಹಜ. ಹೆಚ್ಚಾಯಿತೆಂದು ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ. ಹಿಂದೆ ಜೋಡಿ ಚಕ್ರವಿದ್ದರೆ ಒಳಗಿನದನ್ನು ಬಿಡದೆ ಅಳೆಯಿರಿ. ಅದರ ಗಾಳಿ ಇಳಿದರೆ ಹೊರಗಿನದು ಇಬ್ಬರ ಕೆಲಸ ಮಾಡುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಚಕ್ರ ಬಿಚ್ಚಿ ಹಾಕಿದ್ದರೆ 80–100 ಕಿ.ಮೀ. ಓಡಿದ ನಂತರ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿಮಾಡಿ.

ಹಂತ 3: ನೀರಿನ ಲೆಕ್ಕ

ಮಿತವಾಗಿ ಬಳಸಿದರೆ ಒಬ್ಬರಿಗೆ ದಿನಕ್ಕೆ 15 ಲೀಟರ್ ಸಾಕು. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ತೆರೆಯುವ ಅಭ್ಯಾಸ ಇದ್ದರೆ ಮಾತ್ರ. ಇಬ್ಬರಿಗೆ 30 ಲೀಟರ್ ಎಂದಾದರೆ 100 ಲೀಟರಿನ ಟ್ಯಾಂಕು ಮೂರು ದಿನ ಬರುತ್ತದೆ, ಹತ್ತು ಲೀಟರ್ ಕೈಯಲ್ಲಿ ಉಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸುವುದೇ ದೊಡ್ಡ ತಪ್ಪು. ಆ 30 ಲೀಟರಿನಲ್ಲಿ ಸುಮಾರು 27 ಲೀಟರ್ ಬಚ್ಚಲು ನೀರಿನ ಟ್ಯಾಂಕಿಗೆ ಹೋಗುತ್ತದೆ. ಅದು 70 ಲೀಟರಿನದಾದರೆ ಎರಡೂವರೆ ದಿನಕ್ಕೆ ತುಂಬಿತು. ಕಳಚಿ ಒಯ್ಯುವ ಶೌಚದ ಡಬ್ಬಿ ಸಾಮಾನ್ಯವಾಗಿ 18–20 ಲೀಟರ್ ಹಿಡಿಯುತ್ತದೆ, ಇಬ್ಬರಿಗೆ ಅದು ಎರಡು ದಿನ, ಬಹಳವೆಂದರೆ ಮೂರು. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಅತಿ ಚಿಕ್ಕದರಿಂದ ಅರ್ಧ ದಿನ ಕಳೆಯಿರಿ. ನೀವು ಒಂದೇ ಜಾಗದಲ್ಲಿ ನಿಲ್ಲಬಹುದಾದ ಅವಧಿ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಲೀಟರಿನ ಲೆಕ್ಕ.

ಹೊರಡುವ ಮುನ್ನ ನೀರಿನ ಟ್ಯಾಂಕು ಶುದ್ಧಿ ಮಾಡಿ. ಫಿಲ್ಟರ್ ತೆಗೆದಿಡಿ. ಪರಿಮಳವಿಲ್ಲದ ಮನೆಬಳಕೆಯ ಬ್ಲೀಚ್ ದ್ರಾವಣವನ್ನು ಪ್ರತಿ 60 ಲೀಟರಿಗೆ 60 ಮಿ.ಲೀ.ನಂತೆ ಒಂದು ಬಕೆಟ್ ನೀರಿನಲ್ಲಿ ಕಲಸಿ ಟ್ಯಾಂಕಿಗೆ ಹಾಕಿ, ಟ್ಯಾಂಕು ತುಂಬಿಸಿ. ಬಿಸಿನೀರಿನದೂ ಸೇರಿ ಪ್ರತಿ ನಲ್ಲಿಯನ್ನು ಬ್ಲೀಚಿನ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಶುದ್ಧ ನೀರು ಹಾಯಿಸಿ.

ಶೌಚದ ಟ್ಯಾಂಕು ಗಾಡಿಗೇ ಕೂಡಿಕೊಂಡಿದ್ದರೆ ಇನ್ನೊಂದು ಎಚ್ಚರ. ಕೊಳೆ ಪೈಪನ್ನು ಚರಂಡಿಗೆ ಜೋಡಿಸಿದ ಜಾಗದಲ್ಲಿ ಟ್ಯಾಂಕಿನ ವಾಲ್ವ್ ತೆರೆದೇ ಇಡುವವರಿದ್ದಾರೆ. ದ್ರವ ಹರಿದುಹೋಗುತ್ತದೆ, ಗಟ್ಟಿ ಭಾಗ ಶೌಚದ ಕೆಳಗೇ ಗುಡ್ಡೆಯಾಗಿ ಒಣಗುತ್ತದೆ. ಓಡುವ ಗಾಡಿಯಲ್ಲಾದರೆ ಕುಲುಕಾಟಕ್ಕೆ ಅದು ಕರಗುತ್ತಿತ್ತು, ನಿಂತ ಗಾಡಿಯಲ್ಲಿ ಕಲ್ಲಾಗುತ್ತದೆ. ಖಾಲಿ ಟ್ಯಾಂಕಿಗೆ ಮೊದಲು ನಾಲ್ಕೈದು ಲೀಟರ್ ನೀರು ಹಾಕಿ, ವಾಲ್ವ್ ಮುಚ್ಚಿಡಿ, ಮುಕ್ಕಾಲು ಭಾಗ ತುಂಬುವ ಹೊತ್ತಿಗೆ ಅದಕ್ಕೆಂದೇ ಇರುವ ವಿಲೇವಾರಿ ಜಾಗದಲ್ಲಿ ಒಮ್ಮೆಲೇ ಬಿಡಿ. ಮೊದಲು ಶೌಚದ್ದು, ಆಮೇಲೆ ಬಚ್ಚಲು ನೀರು. ಎರಡನೆಯದರ ಸೋಪು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಹಂತ 4: ವಿದ್ಯುತ್ತಿನ ಲೆಕ್ಕ

12 ವೋಲ್ಟಿನ ವ್ಯವಸ್ಥೆಯಲ್ಲಿ ಇಬ್ಬರ ಒಂದು ದಿನದ ಖರ್ಚು ಸುಮಾರಾಗಿ ಹೀಗಿರುತ್ತದೆ: ಕಂಪ್ರೆಸರ್ ಫ್ರಿಜ್‌ಗೆ 45 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ಫ್ಯಾನಿಗೆ 15, ದೀಪಕ್ಕೆ 6, ನೀರಿನ ಪಂಪಿಗೆ 4, ಫೋನು-ಲ್ಯಾಪ್‌ಟಾಪಿಗೆ 20. ಒಟ್ಟು 90. ಸೆಕೆ ಹೆಚ್ಚಿದರೆ ಫ್ರಿಜ್ ಒಂದೇ 60 ದಾಟುತ್ತದೆ.

ಇನ್ನು ಆದಾಯ. ದಿನಕ್ಕೆ ಒಂದೂವರೆ ಗಂಟೆ ಓಡಿಸಿ, ಇಂಜಿನ್‌ನಿಂದ 30 ಆಂಪಿಯರ್ ಬಂದರೆ ಸಿಗುವುದು 45. ಚಾವಣಿಯ 300 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ, ನಷ್ಟ ಕಳೆದು, 900 ವ್ಯಾಟ್-ಅವರ್, ಅಂದರೆ ಸುಮಾರು 70 ಆಂಪಿಯರ್-ಅವರ್ ಕೊಡುತ್ತದೆ. ಓಡಿಸಿದ ದಿನ ಉಳಿತಾಯ, ನಿಂತ ದಿನ 20ರ ಕೊರತೆ. ಮೂರು ದಿನ ನಿಂತರೆ ಕೊರತೆ 60. ಕಡಲಂಚಿನಲ್ಲಿ ಮಂಜು ಮುಸುಕಿದರೆ ಸೋಲಾರ್ ಆದಾಯ ಐದನೇ ಒಂದಕ್ಕಿಳಿಯಬಹುದು. ಆಗ ಎರಡನೇ ರಾತ್ರಿಯೇ ಫ್ರಿಜ್ ನಿಲ್ಲುತ್ತದೆ. ಮೂರನೇ ದಿನದ ಎಡವಟ್ಟಿನ ಅರ್ಧ ಗುಟ್ಟು ಇಲ್ಲಿದೆ.

200 ಆಂಪಿಯರ್-ಅವರ್‌ನ ಲೆಡ್-ಆ್ಯಸಿಡ್ ಬ್ಯಾಟರಿಯಲ್ಲಿ ಬಳಸಬೇಕಾದ್ದು 100 ಮಾತ್ರ. ಅದಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಆಯುಷ್ಯ ಬೇಗ ಮುಗಿಯುತ್ತದೆ. ಲೋಡ್ ಇಲ್ಲದೆ ಕೆಲ ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12.0 ಇದ್ದರೆ ಈಗಲೇ ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯುವುದಿಲ್ಲ. ಬಹುಪಾಲು ಖಾಲಿಯಾಗುವವರೆಗೂ ಅದರ ವೋಲ್ಟೇಜ್ ಹೆಚ್ಚು ಕದಲುವುದಿಲ್ಲ, ಒಳಹೋದದ್ದು ಹೊರಬಂದದ್ದು ಎಣಿಸುವ ಶಂಟ್ ಮೀಟರೇ ಬೇಕು.

ಫ್ರಿಜ್ಜನ್ನು ಹೊರಡುವ ಹಿಂದಿನ ದಿನವೇ ಮನೆಯ ಕರೆಂಟಿಗೆ ಹಾಕಿ, ತಣ್ಣಗಿರುವ ಸಾಮಾನನ್ನೇ ತುಂಬಿ. ಬಿಸಿ ಫ್ರಿಜ್ಜನ್ನು ಬ್ಯಾಟರಿಯಿಂದ ತಣಿಸುವುದು ಮೊದಲ ದಿನದ ಉಳಿತಾಯವನ್ನೆಲ್ಲ ನುಂಗುತ್ತದೆ. ಸೋಲಾರ್ ಹಲಗೆಯ ಮೇಲೆ ಕೂರುವ ಉಪ್ಪಿನ ಪದರವನ್ನು ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ.

ಹಂತ 5: ಈಗ ನಕ್ಷೆ

ಒಳದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 35–40 ಕಿ.ಮೀ. ದಾಟುವುದಿಲ್ಲ. ದಿನಕ್ಕೆ 100–120 ಕಿ.ಮೀ. ಸಾಕು, ಮಧ್ಯಾಹ್ನ 3ರೊಳಗೆ ತಲುಪಿ. ಬೆಳಕಿರುವಾಗ ನೋಡಿದ ಜಾಗಕ್ಕೂ ಕತ್ತಲಲ್ಲಿ ತಡಕಾಡಿ ಸೇರಿದ ಜಾಗಕ್ಕೂ ಅಜಗಜಾಂತರ.

ಗಾಡಿಯ ಎತ್ತರವನ್ನು ಏಸಿ, ಆಂಟೆನಾ ಎಲ್ಲ ಸೇರಿಸಿ ಅಳೆಯಿರಿ, 15 ಸೆಂ.ಮೀ. ಕೂಡಿಸಿ, ಅಗಲವನ್ನು ಕನ್ನಡಿಯ ತುದಿಯಿಂದ ತುದಿಗೆ ಅಳೆಯಿರಿ. ಎತ್ತರ, ಅಗಲ, ಉದ್ದ, ತೂಕ ನಾಲ್ಕನ್ನೂ ಸ್ಟಿಯರಿಂಗ್ ಎದುರಿಗೆ ಅಂಟಿಸಿ. ಕಾರಿಗೆಂದು ಮಾಡಿದ ನ್ಯಾವಿಗೇಷನ್‌ಗೆ ನಿಮ್ಮ ಎತ್ತರವೂ ಗೊತ್ತಿಲ್ಲ, ಸೇತುವೆಯ ತೂಕದ ಮಿತಿಯೂ ಗೊತ್ತಿಲ್ಲ.

ಉಪಗ್ರಹ ಚಿತ್ರದಲ್ಲಿ ದಾರಿಯನ್ನು ಪೂರ್ತಿ ನೋಡುತ್ತಾ, ಗಾಡಿ ತಿರುಗಿಸಬಹುದಾದ ಜಾಗಗಳನ್ನು ಮಾತ್ರ ಗುರುತು ಹಾಕಿ. ಎರಡು ಗುರುತುಗಳ ನಡುವೆ ಐದಾರು ಕಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಆ ದಾರಿ ಬಿಡಿ, ಇಲ್ಲವೇ ಮೊದಲು ಸೈಕಲ್‌ನಲ್ಲಿ ನೋಡಿ ಬನ್ನಿ. ನಕ್ಷೆಯನ್ನು ಆಫ್‌ಲೈನ್ ಉಳಿಸಿಕೊಳ್ಳಿ. ರಾತ್ರಿಯ ತಂಗುದಾಣಕ್ಕೆ 20 ಕಿ.ಮೀ. ಒಳಗೆ ಎರಡನೇ ಜಾಗವೂ ಗೊತ್ತಿರಲಿ. ಇಂಧನ ಅರ್ಧಕ್ಕಿಳಿದಾಗ ತುಂಬಿಸಿ.

ಪರಿಚಿತ ಕಡಲತೀರ ಎಂಬ ಧೈರ್ಯ ಅಪಾಯದ್ದು. ಹೋದ ವರ್ಷ ಗಟ್ಟಿಯಾಗಿದ್ದ ಅಂಚು ಒಂದು ಬಿರುಗಾಳಿಗೆ ಕುಸಿದಿರಬಹುದು, ಮರಳು ಜಾಗ ಬದಲಿಸಿರಬಹುದು, ಪಾರ್ಕಿಂಗ್ ಬಾಗಿಲಿಗೆ ಎತ್ತರ ತಡೆಯುವ ಅಡ್ಡಕಂಬಿ ಬಂದಿರಬಹುದು, ರಾತ್ರಿ ತಂಗುವುದಕ್ಕೆ ನಿಷೇಧವೂ ಬಂದಿರಬಹುದು. ಕೊನೆಯ 200 ಮೀಟರ್ ನಡೆದು ನೋಡಿದ ಮೇಲೆಯೇ ಗಾಡಿ ಒಳಗೆ ತನ್ನಿ, ಎಷ್ಟನೇ ಸಲ ಬಂದಿದ್ದರೂ ಸರಿಯೇ.

ಹಂತ 6: ಒಳದಾರಿಯಲ್ಲಿ ಓಡಿಸುವುದು

ಮೊದಲು ಖಾಲಿ ಮೈದಾನದಲ್ಲಿ ಬಾಲದ ಅಳತೆ ತಿಳಿದುಕೊಳ್ಳಿ. ಗಾಡಿಯ ಪಕ್ಕೆಗೆ ತಾಗಿಕೊಂಡಂತೆ ನೆಲದ ಮೇಲೆ ಉದ್ದಕ್ಕೆ ಗೆರೆ ಹಾಕಿ. ಸ್ಟಿಯರಿಂಗನ್ನು ಗೆರೆಯಿಂದ ಆಚೆ ಕಡೆಗೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹೋಗಿ. ಹಿಂದಿನ ಮೂಲೆ ಗೆರೆ ದಾಟಿ ಈಚೆಗೆ ಎಷ್ಟು ಬರುತ್ತದೆಂದು ಜೊತೆಗಾರರು ಟೇಪಿನಿಂದ ಅಳೆಯಲಿ. ಗೋಡೆ, ಕಂಬ, ನಿಂತ ಕಾರು ಉಜ್ಜುವುದು ಈ ಅಂತರದಲ್ಲೇ. ಮುಂದಿನ ಮೂಲೆಯನ್ನೇ ಕಾಯುತ್ತಾ ಹಿಂದಿನದನ್ನು ಮರೆಯುವುದು ಹೊಸಬರ ಮಾಮೂಲಿ ತಪ್ಪು.

ಎದುರಿನ ಗಾಡಿಗೆ ಜಾಗ ಬಿಡಲು ಹುಲ್ಲಂಚಿಗೆ ಇಳಿಯಬೇಡಿ. ಹುಲ್ಲಿನಡಿ ಚರಂಡಿಯಿರಬಹುದು, ಮಳೆಯಾದ ಮೇಲಂತೂ ನೆಲ ಭಾರ ತಡೆಯುವುದಿಲ್ಲ. ನೀವು ಡಾಂಬರಿನ ಮೇಲೆ ನಿಂತುಕೊಳ್ಳಿ, ಅವರೇ ಹೋಗಲಿ. ಹಿಂದೆ ನಾಲ್ಕೈದು ಗಾಡಿ ಸೇರಿದರೆ ಅಗಲವಾದ ಮೊದಲ ಜಾಗದಲ್ಲಿ ಪಕ್ಕಕ್ಕೆ ಸರಿಯಿರಿ. ಇಷ್ಟೂ ಮಾಡದವರಿಂದಲೇ ಆರ್‌ವಿಗಳಿಗೆ ಕೆಟ್ಟ ಹೆಸರು.

ಇಳಿಜಾರಿಗೆ ಗೇರ್ ಇಳಿಸಬೇಕಾದ್ದು ನೆತ್ತಿಯ ಮೇಲೆ, ಇಳಿಯಲು ಶುರುವಾದ ಮೇಲಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಮಿತಿ ಮುಟ್ಟಿದಾಗ ಕೆಲವು ಸೆಕೆಂಡು ಗಟ್ಟಿಯಾಗಿ ಒತ್ತಿ, ಗಂಟೆಗೆ ಎಂಟ್ಹತ್ತು ಕಿ.ಮೀ. ಇಳಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ, ಪೆಡಲ್ ಆಳಕ್ಕೆ ಹೋಗುವುದು, ಮೊದಲಿಗಿಂತ ಹೆಚ್ಚು ಒತ್ತಬೇಕಾಗುವುದು ಎಚ್ಚರಿಕೆಯ ಗುರುತುಗಳು. ಕೂಡಲೇ ನಿಲ್ಲಿಸಿ, ಚಕ್ರಕ್ಕೆ ತಡೆ ಕೊಟ್ಟು ಅರ್ಧ ಗಂಟೆಯಾದರೂ ತಣಿಯಲು ಬಿಡಿ. ನೀರು ಸುರಿಯಬೇಡಿ, ಬಿಸಿ ಡಿಸ್ಕ್ ಬಿರುಕು ಬಿಡುತ್ತದೆ.

ಹಂತ 7: ಕಡಲಂಚಿನಲ್ಲಿ ಜಾಗ ಹಿಡಿಯುವುದು

ಹೆಚ್ಚಿನ ತೀರಗಳಲ್ಲಿ ದಿನಕ್ಕೆರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಿನ್ನೆಯ ಉಬ್ಬರ ಇವತ್ತು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಹಲವೆಡೆ ಒಂದೆರಡು ದಿನ ಕಳೆದು, ಉಬ್ಬರ ಅತಿ ಎತ್ತರಕ್ಕೇರುತ್ತದೆ. ಉಬ್ಬರದ ಕೋಷ್ಟಕ ನೋಡಿದರೆ ಸಾಲದು. ಕಡಲಿಂದ ಜೋರು ಗಾಳಿ ಬೀಸುತ್ತಿದ್ದರೆ ನೀರು ಕೋಷ್ಟಕಕ್ಕಿಂತ ಮೇಲೆ ಬರುತ್ತದೆ.

ದಂಡೆಯನ್ನೂ ಓದಿ. ಪಾಚಿ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆಯೊಂದು ಒದ್ದೆಯಾಗಿ ಕಾಣುತ್ತದೆ, ಅದು ಇವತ್ತಿನ ಉಬ್ಬರದ್ದು. ಅಲ್ಲಿಂದ ಇನ್ನೂ ಮೇಲೆ ನಡೆದರೆ ಒಣಗಿ ಬೂದು ಬಣ್ಣಕ್ಕೆ ತಿರುಗಿದ, ಅರ್ಧ ಮರಳಲ್ಲಿ ಹೂತ ಇನ್ನೊಂದು ಗೆರೆ ಸಿಗುತ್ತದೆ. ನಂಬಬೇಕಾದ್ದು ಈ ಎರಡನೆಯದನ್ನು. ಅದಕ್ಕೂ ಮೇಲೆ, ಹಳೆಯ ಪೊದೆಗಳು ಬೇರೂರಿರುವ ಕಡೆ ಗಾಡಿ ನಿಲ್ಲಲಿ. ನದಿ ಕಡಲು ಸೇರುವ ಕಡೆ ಮಳೆನೀರೂ ಉಬ್ಬರವೂ ಒಟ್ಟಿಗೆ ಬಂದರೆ ಹಿಂದಿನಿಂದಲೂ ನೀರು ಏರುತ್ತದೆ. ಕಡಿದಾದ ದರೆಯ ಬುಡದಲ್ಲೂ ಬೇಡ, ನೆಲದಲ್ಲಿ ಬಿರುಕು ಕಾಣುವ ದರೆಯ ನೆತ್ತಿಯಲ್ಲೂ ಬೇಡ.

ಭಾರದ ಆರ್‌ವಿಯನ್ನು ಮರಳಿಗೆ ಇಳಿಸಬೇಡಿ, ಬೇರೆಯವರ ಜೀಪು ಓಡಾಡಿದ ಗುರುತಿದ್ದರೂ. ಇಳಿದು ಸಿಕ್ಕಿಕೊಂಡರೆ ಆ್ಯಕ್ಸಿಲರೇಟರ್ ಒತ್ತುವುದನ್ನು ಆ ಕ್ಷಣವೇ ನಿಲ್ಲಿಸಿ, ಚಕ್ರದ ಪ್ರತಿ ಸುತ್ತೂ ಗುಂಡಿ ತೋಡುತ್ತದೆ. ಜನ ಇಳಿಯಲಿ. ಎಂಜಿನ್ ತಿರುಗಿಸುವ ಚಕ್ರಗಳ ಹಿಂದಿನ ಮತ್ತು ಗಾಡಿಯ ಹೊಟ್ಟೆಯಡಿಯ ಮರಳು ತೆಗೆಯಿರಿ. ಟೈರ್ ಗಾಳಿಯನ್ನು ಕಾಲು ಭಾಗದಷ್ಟು ಇಳಿಸಿ, ಹಲಗೆಗಳನ್ನು ಚಕ್ರಕ್ಕೆ ಒತ್ತಿ ಸಿಕ್ಕಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಿಧಾನವಾಗಿ ಬನ್ನಿ. ಹಲಗೆಯ ಹಿಂದೆ ಮುಂದೆ ಯಾರೂ ನಿಲ್ಲಬಾರದು, ಅದು ಚಿಮ್ಮುತ್ತದೆ. ಗಾಳಿ ಮತ್ತೆ ತುಂಬಿಸುವವರೆಗೆ ನಡಿಗೆಯ ವೇಗಕ್ಕಿಂತ ಹೆಚ್ಚು ಬೇಡ.

ಹಂತ 8: ನಿಲ್ಲಿಸುವ ಕ್ರಮ, ಹೊರಡುವ ಕ್ರಮ

ಮೂತಿ ಹೊರಹೋಗುವ ದಾರಿಗೆ ಮುಖ ಮಾಡಿರಲಿ, ಸಾಧ್ಯವಾದರೆ ಗಾಳಿಗೂ. ಮೊದಲು ಎಡ-ಬಲ ಮಟ್ಟ ಮಾಡಿ, ದಿಮ್ಮಿ ಹತ್ತಿಸಿ, ಆಮೇಲೆ ಹಿಂದು-ಮುಂದು. ಹ್ಯಾಂಡ್‌ಬ್ರೇಕ್, ಚಕ್ರ ತಡೆ, ಇವಾದ ಮೇಲೆಯೇ ಮೂಲೆಯ ಆಧಾರದ ಕಾಲುಗಳು. ಆ ಕಾಲುಗಳು ಅಲುಗಾಟ ತಡೆಯಲು ಇರುವವು, ಗಾಡಿ ಎತ್ತಲು ಬಳಸಿದರೆ ಬಾಗುತ್ತವೆ. ಮೆದು ನೆಲದಲ್ಲಿ ಅವುಗಳಡಿ ಹಲಗೆ ಇಡಿ. ಗ್ಯಾಸಿನಿಂದ ಓಡುವ ಫ್ರಿಜ್ ಇದ್ದರೆ ಮಟ್ಟ ಇನ್ನೂ ಮುಖ್ಯ, ಓರೆಯಾಗಿ ಬಹಳ ಹೊತ್ತು ಓಡಿದರೆ ಅದರ ತಣಿಸುವ ಕೊಳವೆಯೇ ಹಾಳಾಗುತ್ತದೆ.

ಹಗಲು ಕಡಲಿಂದ ಬೀಸುವ ಗಾಳಿ ರಾತ್ರಿ ನೆಲದ ಕಡೆಯಿಂದ ಬೀಸುವುದುಂಟು. ಸಂಜೆ ಹಿತವಾಗಿದ್ದ ಮಗ್ಗುಲು ಮಧ್ಯರಾತ್ರಿ ಗಾಳಿಗೆ ಸಿಗುತ್ತದೆ. ಆದ್ದರಿಂದ ಮಲಗುವ ಮುನ್ನ ಮೇಲ್ಕಟ್ಟನ್ನು ಸುತ್ತಿಡಿ, ಗಾಳಿಯಿಲ್ಲದಿದ್ದರೂ.

ಹೊರಡುವಾಗ ಒಬ್ಬರೇ ಗಾಡಿಯನ್ನು ಪ್ರದಕ್ಷಿಣೆ ಹಾಕಲಿ, ಪ್ರತಿಯೊಂದನ್ನೂ ಕೈಯಿಂದ ಮುಟ್ಟಲಿ: ಮೆಟ್ಟಿಲು, ಆಧಾರದ ಕಾಲು, ಕರೆಂಟ್ ತಂತಿ, ಪೈಪು, ಚಾವಣಿ ಕಿಂಡಿ, ಆಂಟೆನಾ, ಗ್ಯಾಸ್, ಕೊನೆಯಲ್ಲಿ ಚಕ್ರ ತಡೆ. ಇಬ್ಬರು ಹಂಚಿಕೊಂಡರೆ ಅವರು ನೋಡಿದ್ದಾರೆಂದು ಇವರು, ಇವರು ನೋಡಿದ್ದಾರೆಂದು ಅವರು.

ಹಂತ 9: ಗ್ಯಾಸ್

ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಸೇರುತ್ತದೆ. ಆದ್ದರಿಂದ ನೆಲದ ಗಾಳಿಕಿಂಡಿಗಳನ್ನು ಧೂಳು ಬರುತ್ತದೆಂದು ಮುಚ್ಚಬೇಡಿ, ಸೋರಿಕೆ ಅಲಾರಂ ಕೆಳಗಡೆಯೇ ಇರಲಿ. ಜೋಡಣೆಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಓಡುವಾಗ ಸಿಲಿಂಡರ್ ಬಂದ್. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಬಾಗಿಲು ತೆರೆದಿರಲಿ, ಸಿಲಿಂಡರನ್ನು ಹೊರಗಿನಿಂದ ಮುಚ್ಚಿ. ಒಲೆ ಸರಿಯಾಗಿ ಉರಿಯದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬೇರೆ ಅಲಾರಂ ಬೇಕು. ಅದಕ್ಕೆ ವಾಸನೆಯೇ ಇಲ್ಲ. ಒಳಗಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಅದನ್ನೇ ಅನುಮಾನಿಸಿ. ಚಳಿಗೆ ಒಲೆ ಉರಿಸಿ ಬೆಚ್ಚಗಾಗುವ ಯೋಚನೆ ಬೇಡ.

ಹಂತ 10: ಉಪ್ಪು ತೊಳೆಯುವುದು

ಕಡಲ ನೀರು ಮುಟ್ಟದಿದ್ದರೂ ಗಾಳಿಯ ಉಪ್ಪು ಗಾಡಿಯಡಿ ಕೂತಿರುತ್ತದೆ. ತೀರ ಬಿಟ್ಟ ಒಂದೆರಡು ದಿನದಲ್ಲಿ ಸಿಹಿನೀರಿನಿಂದ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ: ಚಾಸಿ, ಚಕ್ರದ ಒಳಗೋಡೆ, ಬ್ರೇಕ್ ಪೈಪು, ಮೆಟ್ಟಿಲಿನ ಕೀಲು. ಜೋರಾಗಿ ಚಿಮ್ಮುವ ಪ್ರೆಶರ್ ವಾಷರ್ ಅನ್ನು ಕಿಟಕಿಯ ಅಂಚು, ಚಾವಣಿಯ ಸೀಲು, ಫ್ರಿಜ್ ಗಾಳಿಕಿಂಡಿ, ವೀಲ್ ಬೇರಿಂಗ್ ಕಡೆ ಹಿಡಿದರೆ ನೀರು ಒಳನುಗ್ಗುತ್ತದೆ.

ಒಣಗಿದ ಮೇಲೆ ಬ್ಯಾಟರಿ ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ, ಬೀಗ ಮತ್ತು ಕೀಲುಗಳಿಗೆ ಸಿಲಿಕೋನ್ ಸ್ಪ್ರೇ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಂಡರೆ ಮೊದಲು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸ್ಕ್ರೂ ತಲೆಯಿಂದ ಕಂದು ಬಣ್ಣದ ಗೆರೆ ಇಳಿದಿದ್ದರೆ ಒಳಗೆ ತುಕ್ಕು ಶುರುವಾಗಿದೆ ಎಂದರ್ಥ. ಚಾವಣಿ ಹತ್ತಿ ಸೀಲುಗಳ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಎದ್ದಿದ್ದರೆ ಆ ಭಾಗ ಕೆರೆದು, ಒರೆಸಿ, ಚಾವಣಿಯ ವಸ್ತುವಿಗೆ ಹೊಂದುವ ಸೀಲಂಟ್ ಹಚ್ಚಿ. ಮುಂದಿನ ಮಳೆಗೆ ಒಳಗಿನ ಮರದ ಹಲಗೆ ಮೆತ್ತಗಾಗಿ ಬೆರಳು ಒಳಹೋಗುವಂತಾದರೆ ಸೀಲಂಟ್ ಸಾಲದು, ಆ ಹಲಗೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.